ಹನ್ನೆರಡನೇ ಮಂಚದ ‘ಹ್ಞೂಂ’

ಮಾರ್ಚ್ 4, ಸೋಮವಾರ

ದೊಡ್ಡ ಡಾಕ್ಟರು ಇಂದು ನನ್ನನ್ನು ಕರೆಸಿ, ಕುರ್ಚಿ ತೋರಿಸಿ, ‘ಕೂತ್ಕೊಳ್ಳಿ’ ಅಂದರು. ಈ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದಿದ್ದೇನೆ. ಅವರ ಕೋಣೆಯಲ್ಲಿ ಕೂತದ್ದು ಇದೇ ಮೊದಲು. ಏನೋ ಗ್ರಹಚಾರ ಕಾದಿದೆ ಅಂದುಕೊಂಡೆ. ಕಾದಿತ್ತು.

ಇಪ್ಪತ್ತಮೂರನೇ ತಾರೀಖು ರೋಗಿಗಳ ಸುರಕ್ಷತೆ, ಆರೈಕೆಯ ಗುಣಮಟ್ಟ ಅಂತ ದೊಡ್ಡ ಸಮ್ಮೇಳನವಂತೆ. ಅರವತ್ತು ಆಸ್ಪತ್ರೆಗಳವರು ಬರುತ್ತಾರಂತೆ. ನಮಗೆ ಹನ್ನೆರಡು ನಿಮಿಷ ಕೊಟ್ಟಿದ್ದಾರೆ. ಮಾತಾಡಬೇಕಾದವಳು ಗಂಡಸರ ವಾರ್ಡಿನ ಹೆಡ್ ನರ್ಸ್, ಅಂದರೆ ನಾನು. ನೀವೇ ಮಾತಾಡಿ ಸರ್ ಅಂದೆ. ‘ಡಾಕ್ಟರು ಮಾತಾಡಿದ್ರೆ ಯಾರೂ ಕೇಳಲ್ಲ ಸಿಸ್ಟರ್. ನರ್ಸ್ ನಿಂತ್ರೆ ಫೋಟೋನೂ ಚೆನ್ನಾಗಿ ಬರುತ್ತೆ’ ಅಂದರು.

ವಿಷಯ ಅವರೇ ಕೊಟ್ಟರು: ‘ಸೊನ್ನೆ’. ನಮ್ಮ ವಾರ್ಡಿನಲ್ಲಿ ಹದಿನೆಂಟು ತಿಂಗಳಿಂದ ಒಂದೂ ತಪ್ಪು ದಾಖಲಾಗಿಲ್ಲ. ಅದನ್ನು ಎಲ್ಲರಿಗೂ ಹೇಳಬೇಕು. ಆಮೇಲೆ ಪೆನ್ನಿನ ಮುಚ್ಚಳ ತಿರುಗಿಸುತ್ತ, ‘ಮೇಟ್ರನ್ ಈ ತಿಂಗಳು ರಿಟೈರ್ ಆಗ್ತಾರೆ. ಆ ಕುರ್ಚಿ ಖಾಲಿ ಇರಬಾರ್ದು ನೋಡಿ’ ಅಂದರು. ನೋಡುತ್ತಲೇ ಇದ್ದೇನೆ, ಆರು ವರ್ಷದಿಂದ. ಅದಕ್ಕೆ ಮೆತ್ತೆ ಇದೆ, ಎದುರಿಗೆ ಕಿಟಕಿ ಇದೆ. ಸಂಜೆ ಐದಕ್ಕೆ ಮನೆಗೆ ಹೋಗಬಹುದು.

ನಮ್ಮ ಮನೆಯವರು, ಇವರು, ತಮ್ಮ ಗಡಿಯಾರ ರಿಪೇರಿ ಅಂಗಡಿಯಿಂದ ಈ ಡೈರಿ ತಂದುಕೊಟ್ಟಿದ್ದರು, ಸೆಲ್ಲು ಮಾರುವವರು ಪುಕ್ಕಟೆ ಕೊಟ್ಟದ್ದು. ‘ಭಾಷಣ ಇದರಲ್ಲೇ ಬರಕೋ’ ಅಂದರು. ಭಾಷಣ ಹುಟ್ಟುವ ಮೊದಲು ಇಷ್ಟು ಬರೆದಿದ್ದೇನೆ.

ಮಾರ್ಚ್ 5, ಮಂಗಳವಾರ

ಭಾಷಣಕ್ಕೆ ಆಧಾರ ಬೇಕಲ್ಲ. ತಪ್ಪುಗಳನ್ನು ಬರೆದಿಡುವ ರಿಜಿಸ್ಟರ್ ಹುಡುಕಿದೆ. ಕಪಾಟಿನಲ್ಲಿಲ್ಲ, ಡ್ರಾಯರಿನಲ್ಲಿಲ್ಲ. ಗುಬ್ಬಚ್ಚಿಯನ್ನು ಕೇಳಿದೆ. ಗುಬ್ಬಚ್ಚಿ ಅಂದರೆ ಕಳೆದ ವರ್ಷ ಸೇರಿದ ಹೊಸ ನರ್ಸ್. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಪುರ್ರೆಂದು ಇನ್ನೊಂದು ಮೂಲೆಗೆ ಹಾರುತ್ತಾಳೆ, ಅದಕ್ಕೇ ಆ ಹೆಸರು.

‘ಮೇಡಂ, ಅದು ಇಂಜೆಕ್ಷನ್ ಮೇಜಿನ ಕಾಲಿನ ಕೆಳಗಿದೆ.’

‘ಯಾವ ಬುದ್ಧಿವಂತರು ಇಟ್ಟದ್ದು?’

‘ನೀವೇ ಮೇಡಂ. ಮೇಜು ಕುಂಟುತ್ತೆ ಅಂತ.’

ಎಳೆದು ನೋಡಿದೆ. ಹೊಚ್ಚ ಹೊಸ ಪುಸ್ತಕ. ಮೊದಲ ಪುಟದಲ್ಲಿ ಸೀಲು, ಆಮೇಲೆ ಎಲ್ಲ ಬಿಳಿ. ಮೇಜು ಕುಂಟಿ ಸಿರಿಂಜುಗಳು ಗಲಗಲ ಅಂದವು. ಪುಸ್ತಕವನ್ನು ಮತ್ತೆ ಅಲ್ಲೇ ತೂರಿಸಿದೆ. ಗುಬ್ಬಚ್ಚಿ ಇನ್ನೇನೋ ಹೇಳಲು ಬಾಯಿ ತೆರೆದಳು. ‘ಕೆಲಸ ನೋಡು ಹೋಗು’ ಅಂದೆ, ಹಾರಿಹೋದಳು. ಬಿಗಿ ಇಲ್ಲದಿದ್ದರೆ ವಾರ್ಡು ಸಂತೆಯಾಗುತ್ತದೆ.

ಮಾರ್ಚ್ 7, ಗುರುವಾರ

ಭಾಷಣ ಎರಡು ಸಾಲು ಮುಂದೆ ಹೋಗುತ್ತಿಲ್ಲ. ‘ನಮ್ಮ ವಾರ್ಡಿನಲ್ಲಿ ತಪ್ಪೇ ಆಗಿಲ್ಲ’ ಎಂದು ಬರೆಯುತ್ತೇನೆ, ಕೈ ನಿಲ್ಲುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಜನವರಿಯಲ್ಲಿ ಒಂದು ಸಣ್ಣ ವಿಷಯ ನಡೆದಿತ್ತು. ಒಬ್ಬ ನರ್ಸ್ ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡಲು ಹೋಗಿದ್ದಳು. ಏನೂ ಆಗಲಿಲ್ಲ, ಅಷ್ಟೇ.

ಪುಕ್ಕಟೆ ಡೈರಿಗೂ ಸುಳ್ಳು ಹೇಳಬೇಕೇ? ಆ ನರ್ಸ್ ನಾನೇ.

ಹನ್ನೆರಡನೇ ಮಂಚದಲ್ಲಿ ಬೇಕರಿಯವರು ಇದ್ದರು. ಅವರಿಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನ ಊಟಕ್ಕೆ ಮೊದಲು ಇನ್ಸುಲಿನ್. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಗೊಣಗಿದರು. ಒಂಬತ್ತನೇ ಮಂಚದ ಪೋಸ್ಟ್‌ಮ್ಯಾನ್ ಅಜ್ಜನಿಗೆ ಕಿಟಕಿ ಬೇಕಿತ್ತು. ಇಬ್ಬರನ್ನೂ ಅದಲು ಬದಲು ಮಾಡಿಸಿದವಳು ನಾನೇ. ಚೀಟಿ ಮಾತ್ರ ಬದಲಾಯಿಸಲಿಲ್ಲ. ನಮ್ಮಲ್ಲಿ ಟ್ರೇಗೆ ಅಂಟಿಸುವುದು ಮಂಚದ ನಂಬರು, ನಾವು ಕರೆಯುವುದೂ ನಂಬರಿನಿಂದಲೇ. ಹನ್ನೆರಡಕ್ಕೆ ಜ್ವರ, ಏಳಕ್ಕೆ ಭೇದಿ, ಹೀಗೆ. ಸಿರಿಂಜ್ ಹಿಡಿದು ಹನ್ನೆರಡರ ಹತ್ತಿರ ಹೋದೆ. ಬೇಕರಿಯವರ ಹೆಸರು ಹೇಳಿ ‘ನೀವೇ ತಾನೇ?’ ಅಂದೆ. ಅಜ್ಜ ‘ಹ್ಞೂಂ’ ಅಂದ. ತೋಳು ಒರೆಸಿದೆ.

ನೆಲ ಒರೆಸುತ್ತಿದ್ದ ಬಕೆಟ್ ಅಕ್ಕ ಹಿಂದಿನಿಂದ, ‘ಸಿಸ್ಟರ್, ಆ ಬೇಕರಿ ಸಾಹುಕಾರ್ರು ಅಲ್ಲಿ ಗೋಡೆ ಕಡೆ ಹೋದ್ರಲ್ಲ ಬೆಳಿಗ್ಗೆ’ ಅಂದಳು. ನಾನು ಏನಂದೆ? ‘ನಿನ್ನ ಕೆಲಸ ನೀನು ನೋಡ್ಕೋ’ ಅಂದೆ. ಅಂದ ಮೇಲೆ ಚೀಟಿ ನೋಡಿದೆ, ಅದರಲ್ಲಿ ಇನ್ನೂ ಬೇಕರಿಯವರ ಹಳೆಯ ಹನ್ನೆರಡೇ ಇತ್ತು. ಸಿರಿಂಜನ್ನು ಟ್ರೇಗೆ ವಾಪಸು ಇಟ್ಟೆ. ಸಕ್ಕರೆ ಕಾಯಿಲೆ ಇಲ್ಲದ ಆ ಮುದುಕನಿಗೆ ಅದನ್ನು ಚುಚ್ಚಿದ್ದರೆ, ರಕ್ತದಲ್ಲಿದ್ದ ಸಕ್ಕರೆಯೂ ಇಳಿದು ಎಚ್ಚರ ತಪ್ಪುತ್ತಿದ್ದ, ನಿದ್ದೆ ಮಾಡುತ್ತಿದ್ದಾನೆ ಎಂದು ನಾವೆಲ್ಲ ಅಂದುಕೊಳ್ಳುತ್ತಿದ್ದೆವು. ಎಬ್ಬಿಸಲು ಹೋಗುವಷ್ಟರಲ್ಲಿ ಏನಾಗಿರುತ್ತಿತ್ತೋ.

ಯಾರಿಗೂ ಹೇಳಲಿಲ್ಲ. ಬಕೆಟ್ ಅಕ್ಕನೂ ಹೇಳಲಿಲ್ಲ. ಅವಳಿಗೆ ಒಂದು ಒಳ್ಳೆಯ ಮಾತೂ ನಾನು ಆಡಲಿಲ್ಲ.

ಮಾರ್ಚ್ 9, ಶನಿವಾರ

ಇವರ ಮುಂದೆ ಸೊನ್ನೆಯ ಭಾಷಣ ಓದಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರ ಬಿಚ್ಚುತ್ತ ಕೇಳಿದರು. ‘ಚೆನ್ನಾಗಿದೆ’ ಅಂದರು. ಇವರ ಚೆನ್ನಾಗಿದೆ ನನಗೆ ಗೊತ್ತಿಲ್ಲವೇ? ಉಪ್ಪಿಲ್ಲದ ಸಾರಿಗೂ ಇದೇ ಮಾತು.

ತಡೆಯಲಾಗದೆ ಜನವರಿಯದನ್ನು ಹೇಳಿಬಿಟ್ಟೆ. ಎರಡು ತಿಂಗಳು ಒಳಗಿಟ್ಟದ್ದು ಎರಡು ನಿಮಿಷದಲ್ಲಿ ಮುಗಿಯಿತು. ಭೂತಗನ್ನಡಿ ತೆಗೆದರು.

‘ನೋಡೇ, ಗಡಿಯಾರ ತರೋರೆಲ್ಲ ಒಂದೇ ಹೇಳೋದು. “ಏನೂ ಆಗಿಲ್ಲ, ಸುಮ್ನೆ ನಿಂತುಹೋಯ್ತು.” ಬೀಳಿಸ್ದೆ ಅಂತ ಹೇಳಿದ್ರೆ ಹತ್ತು ನಿಮಿಷದ ಕೆಲಸ. ಹೇಳ್ದೆ ಇದ್ರೆ ನಾನು ಪೂರ್ತಿ ಬಿಚ್ಬೇಕು.’

‘ನಿಮಗೇನು, ಗಡಿಯಾರ ಕೆಟ್ಟರೆ ಟೈಮು ಹೋಗುತ್ತೆ. ನನಗೆ ಕುರ್ಚಿ ಹೋಗುತ್ತೆ.’

‘ಹೋದ್ರೆ ಹೋಯ್ತು. ಮನೇಲಿ ನಾಲ್ಕು ಕುರ್ಚಿ ಇದೆಯಲ್ಲ.’

ಹೇಳುವುದು ಸುಲಭ. ಮದುವೆಯಾದಾಗಿನಿಂದ ಅಂಗಡಿಯಲ್ಲಿ ಒಂದೇ ಸ್ಟೂಲಿನ ಮೇಲೆ ಕೂತ ಮನುಷ್ಯ ಇವರು.

ಮಾರ್ಚ್ 12, ಮಂಗಳವಾರ

ಪೋಸ್ಟ್‌ಮ್ಯಾನ್ ಅಜ್ಜ ತಪಾಸಣೆಗೆ ಬಂದಿದ್ದ. ಗುಂಡುಕಲ್ಲಿನ ಹಾಗಿದ್ದಾನೆ. ನನ್ನನ್ನು ಕಂಡು ಬೆಂಚಿನಿಂದ ಎದ್ದು ನಿಂತ. ಕೂರಿಸಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ ಕೇಳಿದೆ.

‘ಅಜ್ಜ, ಆವತ್ತು ನಾನು ಬೇರೆಯವರ ಹೆಸರು ಹೇಳ್ದಾಗ ಯಾಕೆ ಹ್ಞೂಂ ಅಂದ್ರಿ? ಕೇಳಿಸ್ಲಿಲ್ವಾ?’

‘ಕೇಳಿಸ್ತಮ್ಮ. ನಲವತ್ತು ವರ್ಷ ಹೆಸರು ಓದಿ ಕಾಗದ ಕೊಟ್ಟೋನು ನಾನು, ನನ್ನ ಹೆಸರು ನನಗೆ ಗೊತ್ತಾಗಲ್ವಾ?’

‘ಮತ್ತೆ?’

ಅಜ್ಜ ಕೊಡೆಯ ಹಿಡಿ ಸವರಿದ. ‘ನೀವು ಕೇಳಿದ ಧಾಟಿ ಹಂಗಿತ್ತು. ಅಲ್ಲ ಅಂದ್ರೆ ಬೈತೀರಿ ಅನ್ನಿಸ್ತು.’

 ನನ್ನ ಬೈಗುಳಕ್ಕೆ ಹೆದರಿ ಒಬ್ಬ ಮನುಷ್ಯ ತನ್ನ ಹೆಸರನ್ನೇ ಬಿಟ್ಟುಕೊಟ್ಟನಲ್ಲ. ಇವತ್ತು ಊಟ ಸೇರಲಿಲ್ಲ.

ಮಾರ್ಚ್ 13, ಬುಧವಾರ

ಇವತ್ತು ವಾರ್ಡಿನಲ್ಲಿ ಒಂದು ಪರೀಕ್ಷೆ ಮಾಡಿದೆ. ಅಡುಗೆಮನೆಯ ಗ್ಯಾಸ್ ಮುಗಿದು ಬೆಳಗಿನ ಟೀ ಬಂದಿರಲಿಲ್ಲ. ಬರುವುದು ಹತ್ತಾಗುತ್ತದೆ ಅಂದರು. ಸರಿ, ಎಂಟೂವರೆಗೆ ಮಂಚದಿಂದ ಮಂಚಕ್ಕೆ ಹೋಗಿ, ‘ಟೀ ಬಂತಲ್ವಾ?’ ಎಂದು ಕೇಳಿಕೊಂಡು ಬಂದೆ. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ‘ಹ್ಞೂಂ’ ಅಂದರು. ಆರನೇ ಮಂಚದ ಲೆಕ್ಕದ ಮೇಷ್ಟ್ರು ‘ಬಂತು, ಚೆನ್ನಾಗಿತ್ತು’ ಅಂತಲೂ ಸೇರಿಸಿದರು.

ಒಂಬತ್ತು ಗಂಟೆಗೆ ಗುಬ್ಬಚ್ಚಿಯನ್ನು ಕಳಿಸಿದೆ. ‘ಬೆಳಿಗ್ಗೆಯಿಂದ ಏನು ಕುಡಿದ್ರಿ ಅಂತ ಕೇಳು, ಅಷ್ಟೇ.’ ಹದಿನಾಲ್ಕೂ ಜನ ‘ಏನೂ ಇಲ್ಲ’ ಅಂದರಂತೆ. ಆಮೇಲೆ ಬಕೆಟ್ ಅಕ್ಕ ನನ್ನ ಹಾಗೆಯೇ ‘ಟೀ ಬಂತಲ್ವಾ?’ ಎಂದು ಕೇಳಿಕೊಂಡು ಹೋದಳು. ‘ಎಲ್ಲಿ ಬಂತು ತಾಯಿ, ಗಂಟಲು ಒಣಗೋಯ್ತು’ ಎಂದು ಅವಳ ಹತ್ತಿರ ಎಲ್ಲರೂ ದೂರು ಹೇಳಿಕೊಂಡರು. ಮೇಷ್ಟ್ರೂ ಹೇಳಿದರು. ಮೊದಲು ನಕ್ಕೆ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕದ್ದು ನೋಡಿ ಗುಬ್ಬಚ್ಚಿ ಹೆದರಿಕೊಂಡಳು.

ಒಂಬತ್ತು. ಲೆಕ್ಕವನ್ನು ಇಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮಾರ್ಚ್ 16, ಶನಿವಾರ

ದೊಡ್ಡ ಡಾಕ್ಟರು ಸ್ಲೈಡ್ ತೋರಿಸಿದರು. ನೀಲಿ ಬಣ್ಣದ ಮೇಲೆ ಬಸ್ಸಿನ ಚಕ್ರದಂಥ ಒಂದು ಸೊನ್ನೆ. ಧೈರ್ಯ ಮಾಡಿ, ‘ಸರ್, ಜನವರಿಯಲ್ಲಿ ಒಂದು ತಪ್ಪಾಗಿತ್ತು’ ಅಂದೆ.

‘ಯಾರಿಗಾದ್ರೂ ಏನಾದ್ರೂ ಆಯ್ತಾ?’

‘ಇಲ್ಲ ಸರ್. ಸ್ವಲ್ಪದರಲ್ಲಿ ತಪ್ತು.’

‘ಹಾಗಾದ್ರೆ ಆಗಿಲ್ಲ’ ಅಂದರು. ‘ಸಿಸ್ಟರ್, ಆ ಕುರ್ಚಿಗೆ ಮೂರು ಜನ ಇದ್ದಾರೆ. ನಾನು ಆಡಳಿತ ಮಂಡಳಿಯವರಿಗೆ ನಿಮ್ಮ ಹೆಸರು ಹೇಳಿದೀನಿ. ಸೊನ್ನೆ ಹೇಳಿ, ಇಳಿದು ಬನ್ನಿ.’

‘ಸರಿ ಸರ್’ ಅಂದೆ. ಬಾಗಿಲ ಹೊರಗೆ ಬಂದ ಮೇಲೆ ಹೊಳೆಯಿತು. ಅದೂ ಒಂದು ‘ಹ್ಞೂಂ’ ಅಲ್ಲವೇ? ಹತ್ತನೆಯವಳು ನಾನು.

ಮಾರ್ಚ್ 18, ಸೋಮವಾರ

ಗುಬ್ಬಚ್ಚಿ ಅಳುಮುಖ ಹಾಕಿಕೊಂಡು ಬಂದಳು. ನಾಲ್ಕನೇ ಮಂಚದವರಿಗೆ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಯೇ ಕೊಟ್ಟುಬಿಟ್ಟಿದ್ದಾಳೆ. ಎರಡರ ಬಣ್ಣವೂ ಒಂದೇ, ಡಬ್ಬಿಯೂ ಒಂದೇ. ಡ್ಯೂಟಿ ಡಾಕ್ಟರಿಗೆ ತಾನೇ ಹೇಳಿ ಬಂದಿದ್ದಾಳೆ, ತೊಂದರೆಯಿಲ್ಲ ಅಂದಿದ್ದಾರೆ. ಬೈಯಲೆಂದು ಬಾಯಿ ತೆರೆದೆ. ‘ಯಾವ ಡಬ್ಬಿ, ತೋರಿಸು’ ಅಂತ ಬಂತು. ಗಂಟಲು ಸರಿಯಿರಲಿಲ್ಲ ಅಂತ ಕಾಣುತ್ತದೆ.

ಇಬ್ಬರೂ ಕೂತು ಬೆಳಗಿನ ಡಬ್ಬಿಗಳಿಗೆಲ್ಲ ಹಳದಿ ಚೀಟಿ ಅಂಟಿಸಿದೆವು. ಅವಳ ಅಕ್ಷರ ದುಂಡಗಿದೆ. ಎಲ್ಲಿ ಬರೆದಿಡಲಿ ಅಂತ ಕೇಳಿದಳು. ಮೇಜಿನ ಕೆಳಗಿಂದ ರಿಜಿಸ್ಟರ್ ಎಳೆದುಕೊಟ್ಟೆ.

ಮಾರ್ಚ್ 20, ಬುಧವಾರ

ಬರೆಯುವಂಥದ್ದೇನಿಲ್ಲ. ಇಂಜೆಕ್ಷನ್ ಮೇಜು ವಿಪರೀತ ಅಲ್ಲಾಡುತ್ತಿದೆ. ರಿಜಿಸ್ಟರ್ ಹಿಂದಕ್ಕೆ ಇಡೋಣವೆಂದರೆ ಯಾರಾದರೊಬ್ಬರ ಕೈಯಲ್ಲಿ ಇರುತ್ತದೆ. ಬಡಗಿಗೆ ಹೇಳಬೇಕು.

ಮಾರ್ಚ್ 22, ಶುಕ್ರವಾರ

ನಾಳೆಯೇ. ಸೀರೆಗೆ ಇಸ್ತ್ರಿಯಾಯಿತು, ತಲೆಗೆ ಬಣ್ಣವಾಯಿತು. ನನಗೆ ನಲವತ್ತೆಂಟು ಎಂದು ವಾರ್ಡಿನವರೆಲ್ಲ ನಂಬಿದ್ದಾರೆ. ಹತ್ತೊಂಬತ್ತಕ್ಕೇ ಕೆಲಸಕ್ಕೆ ಸೇರಿದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೆ, ತಿದ್ದಲು ಹೋಗಿಲ್ಲ.

ಡ್ಯೂಟಿ ಮುಗಿಸಿ ಹೊರಡುವಾಗ ಬಕೆಟ್ ಅಕ್ಕ ಮೆಟ್ಟಿಲು ಒರೆಸುತ್ತಿದ್ದಳು. ಒದ್ದೆ ಮೆಟ್ಟಿಲನ್ನು ನೆಪ ಮಾಡಿಕೊಂಡು ನಿಂತೆ.

‘ಆವತ್ತು ನೀನು ಹೇಳ್ದೆ ಇದ್ದಿದ್ರೆ ಆ ಅಜ್ಜ ಉಳೀತಿರ್ಲಿಲ್ಲ ಕಣೇ. ನಾನು ಕೆಲಸ ನೋಡ್ಕೋ ಅಂದುಬಿಟ್ಟೆ. ತಪ್ಪಾಯ್ತು.’

ಅವಳು ಬಟ್ಟೆ ಹಿಂಡಿದಳು. ‘ಅದೂ ನನ್ನ ಕೆಲಸಾನೇ ಅಂದ್ಕೊಂಡೆ ಸಿಸ್ಟರ್.’

‘ನಾಳೆ ಎಲ್ಲರ ಮುಂದೆ ನಿನ್ನ ವಿಷಯ ಹೇಳಲಾ?’

‘ನನ್ನ ಕೆಲಸಕ್ಕೇನೂ ಕುತ್ತು ಬರಲ್ವಲ್ಲ?’

ಇಲ್ಲ ಎಂದು ಮಾತು ಕೊಟ್ಟೆ. ಆಗ ಅವಳು, ‘ನಿಮ್ಮದಕ್ಕೆ?’ ಅಂದಳು. ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಹೆದರಿಕೆಯಾಗುತ್ತಿದೆ. ಸೊನ್ನೆಯ ಭಾಷಣವೂ ಚೀಲದಲ್ಲಿದೆ, ಇನ್ನೊಂದೂ ಇದೆ.

ಮಾರ್ಚ್ 23, ಶನಿವಾರ

ಬಂದು ಕಾಲು ತೊಳೆದು ಬರೆಯಲು ಕೂತಿದ್ದೇನೆ. ಇವರು ಎರಡು ಸಲ ಬಂದು ಇಣುಕಿ ಹೋದರು. ಕಾಯಲಿ.

ದೊಡ್ಡ ಹೋಟೆಲಿನ ಸಭಾಂಗಣ. ಕಾಲಿಟ್ಟರೆ ಹೂತುಹೋಗುವ ಜಮಖಾನ. ಬಾಗಿಲಲ್ಲೇ ಕೊರಳಿಗೊಂದು ಬಿಲ್ಲೆ ಹಾಕಿ ಕೈಗೊಂದು ಚೀಲ ಕೊಟ್ಟರು. ಚೀಲದಲ್ಲಿ ನೋಟ್‌ಪುಸ್ತಕ, ಪೆನ್ನು, ಕೈತೊಳೆಯುವ ದ್ರವದ ಪುಟ್ಟ ಬಾಟಲಿ. ನನಗಿಂತ ಮುಂಚಿನವರು ಪರದೆಯ ಮೇಲೆ ಏಣಿಯಂಥ ಬಣ್ಣಬಣ್ಣದ ನಕ್ಷೆಗಳನ್ನು ತೋರಿಸಿದರು, ಎಲ್ಲ ಮೇಲಕ್ಕೇ ಹೋಗುವಂಥವು. ಯಾರ ಆಸ್ಪತ್ರೆಯಲ್ಲೂ ಯಾವ ತಪ್ಪೂ ಆಗುವುದಿಲ್ಲ. ಇಷ್ಟು ಒಳ್ಳೆಯವರೆಲ್ಲ ಸೇರಿ ಸಮ್ಮೇಳನ ಯಾಕೆ ಮಾಡುತ್ತಾರೋ ಎನಿಸಿತು.

ನನ್ನ ಸರದಿ ಬಂತು.  ಹಿಂದೆ ಗೋಡೆಯ ತುಂಬ ಸೊನ್ನೆ, ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು. ಏನು ಮಾಡಬೇಕೆಂದು ತೋಚದೆ ಕೇಳಿದೆ. ‘ಹಿಂದಿನವರಿಗೆ ಕೇಳಿಸ್ತಿದೆ ಅಲ್ವಾ?’ ಹಿಂದಿನ ಸಾಲುಗಳ ತಲೆಗಳೆಲ್ಲ ಹೌದೌದೆಂದು ಅಲ್ಲಾಡಿದವು. ಅಷ್ಟರಲ್ಲಿ ಮೈಕಿನವನು ಬಗ್ಗಿಕೊಂಡು ಓಡಿಬಂದು ಒಂದು ಗುಂಡಿ ಒತ್ತಿದ. ಮೈಕು ಶುರುವೇ ಆಗಿರಲಿಲ್ಲ.

ದೇವರಾಣೆ, ಇದನ್ನು ನಾನು ಬೇಕೆಂದು ಮಾಡಿದ್ದಲ್ಲ. ಆದರೆ ಬಾಯಿ ತಾನಾಗಿ ಹೊರಟಿತು. ‘ಈಗ ಏನೂ ಕೇಳಿಸದೆ ನೀವೆಲ್ಲ ಹ್ಞೂಂ ಅಂದ್ರಲ್ಲ, ಅದೇ ನನ್ನ ಭಾಷಣ’ ಅಂದೆ. ಸಭೆ ಗೊಳ್ಳೆಂದಿತು. ಸೊನ್ನೆ ತೋರಿಸಿ, ‘ಇದೂ ಸುಳ್ಳಲ್ಲ, ರಿಜಿಸ್ಟರಿನಲ್ಲಿ ಹಾಗೇ ಇತ್ತು. ರಿಜಿಸ್ಟರ್ ಮಾತ್ರ ಮೇಜಿನ ಕಾಲಿನ ಕೆಳಗಿತ್ತು’ ಅಂದೆ. ಮತ್ತೆ ನಕ್ಕರು. ದೊಡ್ಡ ಡಾಕ್ಟರು ನಗಲಿಲ್ಲ. ಕಾಲು ಕೆಳಗಿಳಿಸಿದರು.

ಆಮೇಲೆ ಮಾತ್ರೆ ಡಬ್ಬಿ, ಹಳದಿ ಚೀಟಿ ಎಂದು ಸುತ್ತಿ ಬಳಸಿ ಹೊತ್ತು ಕಳೆದೆ. ಕೊನೆಗೆ, ‘ಜನವರಿಯಲ್ಲಿ ಒಬ್ಬ ನರ್ಸ್’ ಎಂದು ಶುರುಮಾಡಿದೆ.  ನೀರು ಕುಡಿದೆ. ಹಳದಿ ದೀಪ ಹೊತ್ತಿಕೊಂಡಿತು, ಇನ್ನೆರಡೇ ನಿಮಿಷ ಅಂತ. ‘ಒಬ್ಬ ನರ್ಸ್ ಅಲ್ಲ, ನಾನು’ ಅಂದೆ. ಹೇಳಿದ ಮೇಲೆ ಕಷ್ಟವಿರಲಿಲ್ಲ. ಬೇಕರಿಯವರು, ಅಜ್ಜ, ಚೀಟಿ, ನನ್ನ ಧಾಟಿ, ಹದಿನಾಲ್ಕರಲ್ಲಿ ಒಂಬತ್ತು ಟೀ, ಎಲ್ಲ ಹೇಳಿದೆ. ‘ನೀವೇ ತಾನೇ’ ಅಂತ ಕೇಳಬೇಡಿ, ‘ನಿಮ್ಮ ಹೆಸರೇನು, ಹುಟ್ಟಿದ ತಾರೀಖು ಏನು’ ಅಂತ ಕೇಳಿ, ಅವರ ಬಾಯಿಂದಲೇ ಬರಲಿ, ಚೀಟಿಗೆ ತಾಳೆ ನೋಡಿ ಅಂದೆ. ‘ಆವತ್ತು ಅಜ್ಜನನ್ನು ಉಳಿಸಿದ್ದು ನಮ್ಮ ನೆಲ ಒರೆಸುವ ಅಕ್ಕ. ಅವಳಿಗೆ ನಾನು ಬೈದಿದ್ದೆ’ ಅಂದಾಗ ಯಾರೂ ನಗಲಿಲ್ಲ. ಕೆಂಪು ದೀಪ ಹೊತ್ತಿ ಎಷ್ಟು ಹೊತ್ತಾಗಿತ್ತೋ, ಯಾರೂ ನನ್ನನ್ನು ಇಳಿಸಲಿಲ್ಲ.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಒಬ್ಬೊಬ್ಬರೇ ಹತ್ತಿರ ಬಂದರು. ‘ಸಿಸ್ಟರ್, ನಮ್ಮಲ್ಲೂ ಒಂದ್ಸಲ’ ಎಂದು ಪಿಸುಗುಟ್ಟುವವರೇ ಎಲ್ಲ. ಬಿಳಿ ಮೀಸೆಯ ಸರ್ಜನ್ ಒಬ್ಬರು, ಎಡಗಾಲು ಮುರಿದವನ ಬಲಗಾಲಿಗೆ ಪಟ್ಟಿ ಹಾಕಿದ ಕಥೆ ಹೇಳಿದರು. ಪಾಪ, ಅವನೂ ಹ್ಞೂಂ ಅಂದಿದ್ದನಂತೆ. ಹನ್ನೊಂದು ಜನರ ತಪ್ಪು ಕೇಳುವಷ್ಟರಲ್ಲಿ ನನ್ನ ಅನ್ನ ತಣ್ಣಗಾಗಿತ್ತು.

ವಾಪಸು ಬರುವಾಗ ಕಾರಿನಲ್ಲಿ ದೊಡ್ಡ ಡಾಕ್ಟರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ಅರ್ಧ ದಾರಿ ಮುಗಿಯಿತು. ಇದ್ದಕ್ಕಿದ್ದಂತೆ, ‘ನಾನು ಹೊಸದಾಗಿ ಡಾಕ್ಟರಾಗಿದ್ದಾಗ’ ಎಂದು ಶುರುಮಾಡಿ ಒಂದು ವಿಷಯ ಹೇಳಿದರು. ಕೊನೆಗೆ ಕಿಟಕಿ ಕಡೆ ತಿರುಗಿ, ‘ಇದನ್ನ ಎಲ್ಲೂ ಹೇಳ್ಬೇಡಿ’ ಅಂದರು. ಹೇಳುವುದಿಲ್ಲ. ಇಲ್ಲಿ ಬರೆಯುವುದೂ ಇಲ್ಲ.

ಮಾರ್ಚ್ 30, ಶನಿವಾರ

ಮೇಟ್ರನ್ ಕುರ್ಚಿ ಆಪರೇಷನ್ ಥಿಯೇಟರಿನ ಹೆಡ್ ನರ್ಸಿಗೆ ಹೋಯಿತು. ‘ಆಡಳಿತ ಮಂಡಳಿಯವರು ಸ್ವಲ್ಪ ಹಿಂಜರಿದ್ರು ಸಿಸ್ಟರ್’ ಎಂದು ದೊಡ್ಡ ಡಾಕ್ಟರು ಹೇಳಿದರು. ಈ ಸಲವೂ ಕೂರಿಸಿ ಹೇಳಿದರು. ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಕಣ್ಣಲ್ಲಿ ನೀರೂ ಬಂತು.

ಮನೆಗೆ ಬಂದರೆ ಇವರು ನಾಲ್ಕು ಕುರ್ಚಿಯಲ್ಲಿ ಒಂದಕ್ಕೆ ಹೊಸ ಮೆತ್ತೆ ಹೊಲಿಸಿ ತಂದು ಕಿಟಕಿಯ ಪಕ್ಕ ಹಾಕಿದ್ದರು. ಬೈದುಕೊಂಡೇ ಕೂತೆ. ಚೆನ್ನಾಗಿದೆ.

ಏಪ್ರಿಲ್ 3, ಬುಧವಾರ

ಇಂದು ಸಿಬ್ಬಂದಿಗೆಲ್ಲ ಫ್ಲೂ ಲಸಿಕೆ. ನಮ್ಮ ವಾರ್ಡಿನಲ್ಲೇ ಮೇಜು ಹಾಕಿದ್ದರು. ಬಡಗಿ ಇನ್ನೂ ಬಂದಿಲ್ಲ, ಮೇಜು ಕುಂಟುತ್ತಲೇ ಇದೆ. ಚುಚ್ಚುವವಳು ಗುಬ್ಬಚ್ಚಿ. ರವಿಕೆಯ ತೋಳು ಮಡಚಿ ಕೂತು, ‘ಬೇಗ ಚುಚ್ಚೇ, ಕೆಲಸ ಇದೆ’ ಅಂದೆ.

‘ನಿಮ್ಮ ಹೆಸರೇನು ಮೇಡಂ?’

‘ತಲೆ ಕೆಟ್ಟಿದೆಯಾ? ನಾನು ಯಾರು ಅಂತ ಗೊತ್ತಿಲ್ವಾ?’

ಗುಬ್ಬಚ್ಚಿ ಹಾರಲಿಲ್ಲ. ಸಿರಿಂಜನ್ನು ಟ್ರೇನಲ್ಲಿಟ್ಟು ಕೈಕಟ್ಟಿ ನಿಂತಳು. ‘ಗೊತ್ತು ಮೇಡಂ. ಆದ್ರೂ ನೀವೇ ಹೇಳ್ಬೇಕು.’

ಹೇಳಿದೆ.

‘ಹುಟ್ಟಿದ ತಾರೀಖು?’

ವಾರ್ಡಿನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಬಕೆಟ್ ಅಕ್ಕ ಕೋಲಿಗೆ ಗಲ್ಲ ಊರಿ ನಿಂತಳು. ತಾರೀಖು ಸರಿಯಾಗಿಯೇ ಹೇಳಿ, ಇಸವಿಯಲ್ಲಿ ಮಾತ್ರ ಆರು ವರ್ಷ ಈಚೆಗೆ ಬಂದೆ. ಗುಬ್ಬಚ್ಚಿ ಚೀಟಿ ನೋಡಿದಳು, ನನ್ನ ಮುಖ ನೋಡಿದಳು.

‘ಚೀಟಿಲಿ ಬೇರೆ ಇದೆ ಮೇಡಂ. ತಾಳೆ ಆಗ್ತಿಲ್ಲ. ರಿಜಿಸ್ಟರಲ್ಲಿ ಬರೀಲಾ?’

‘ಹೇಳಿಬಿಡಿ ಸಿಸ್ಟರ್’ ಅಂದಳು ಬಕೆಟ್ ಅಕ್ಕ. ‘ಎಲ್ಲರೂ ಹೇಳ್ಬೇಕಲ್ಲ.’

ಮಾಡಿದ್ದುಣ್ಣೋ ಮಹರಾಯ. ನಿಜವಾದ ಇಸವಿ ಹೇಳಿದೆ. ಎದೆನೋವೆಂದು ಮೊನ್ನೆ ಮತ್ತೆ ಸೇರಿಕೊಂಡ ಲೆಕ್ಕದ ಮೇಷ್ಟ್ರು ಮಲಗಿದಲ್ಲಿಂದಲೇ ಬೆರಳು ಮಡಚಿ, ‘ಐವತ್ನಾಲ್ಕು’ ಅಂದರು. ನಾನು ತಿರುಗಿ ಗುರುಗುಟ್ಟಿಕೊಂಡು ನೋಡಿ, ‘ನಲವತ್ತೆಂಟು ಅಲ್ವಾ ಮೇಷ್ಟ್ರೇ?’ ಅಂದೆ.

‘ಅಲ್ಲ’ ಅಂದರು ಮೇಷ್ಟ್ರು.